ವರ್ಲನ್ ಟಿಡ್‌ವೆಲ್‌ನ ಕಾಣದ ಪಿಸ್ತೂಲು

ಪಾಸಮ್ ರಿಡ್ಜ್‌ನಲ್ಲಿ ಪಿಸ್ತೂಲಿಲ್ಲದ ಗಂಡಸರು ಇಬ್ಬರೇ ಇಬ್ಬರು. ಒಬ್ಬರು ನ್ಯಾಯಾಲಯದ ಮುಂದೆ ಕಲ್ಲಾಗಿ ನಿಂತ ಜನರಲ್ ಸಾಹೇಬರು. ಅವರ ಪಿಸ್ತೂಲನ್ನು ಯಾರೋ ಪುಣ್ಯಾತ್ಮ ಕೈಸಮೇತ ಮುರಿದುಕೊಂಡು ಹೋಗಿದ್ದ. ಇನ್ನೊಬ್ಬ ವರ್ಲನ್ ಟಿಡ್‌ವೆಲ್. ಜನರಲ್ ಸಾಹೇಬರ ವಿಷಯ ಊರಿಗೆಲ್ಲ ಗೊತ್ತಿತ್ತು. ವರ್ಲನ್ನನ ವಿಷಯ ಯಾರಿಗೂ ಗೊತ್ತಿರಲಿಲ್ಲ. ಅನಾಹುತ ಹುಟ್ಟಿದ್ದೇ ಅಲ್ಲಿ.

ವರ್ಲನ್ ಹೆದ್ದಾರಿ ಪಕ್ಕದಲ್ಲಿ ಹಾಸಿಗೆ ಅಂಗಡಿ ಇಟ್ಟವನು. ವಯಸ್ಸು ಐವತ್ತೆಂಟು. ಹೊಟ್ಟೆ ಬಾಗಿಲು ದಾಟಿ ಅರ್ಧ ನಿಮಿಷದ ಮೇಲೆ ಆಸಾಮಿ ದಾಟುತ್ತಿದ್ದ. ಇಡೀ ಟೆನೆಸ್ಸಿಯಲ್ಲಿ ಅವನಷ್ಟು ಸೌಮ್ಯ ಮನುಷ್ಯ ಇನ್ನೊಬ್ಬನಿಲ್ಲ. ಹಾಸಿಗೆ ಹೇಗಿದೆ ನೋಡುತ್ತೇನೆಂದು ಮಲಗಿದ ಗಿರಾಕಿಗೆ ನಿದ್ದೆ ಹತ್ತಿದರೆ ಎಬ್ಬಿಸಲು ಮನಸ್ಸಾಗದೆ ದೀಪ ಆರಿಸಿ ಹೊರಗೆ ಕೂರುತ್ತಿದ್ದ. ಒಬ್ಬ ಮಹಾನುಭಾವ ಹೀಗೆ ಹನ್ನೊಂದು ಗಂಟೆ ಗೊರಕೆ ಹೊಡೆದು, ಎದ್ದು, ಬೆಳಗಿನ ತಿಂಡಿಗೆ ಮೊಟ್ಟೆ ಹೇಗೆ ಬೇಯಿಸುತ್ತೀರಿ ಎಂದು ಕೇಳಿದ್ದುಂಟು.

ತಿಂಗಳ ಮೊದಲ ಶನಿವಾರ ಬ್ಯಾಪ್ಟಿಸ್ಟ್ ಚರ್ಚಿನ ನೆಲಮಾಳಿಗೆಯಲ್ಲಿ ಗಂಡಸರ ತಿಂಡಿ ನಡೆಯುವುದು ವಾಡಿಕೆ. ಆ ಶನಿವಾರ ಪಾಸ್ಟರ್ ಹಾಲಿಸ್ ಎದ್ದು ನಿಂತು, ಇನ್ನು ಮೇಲೆ ನಮ್ಮ ಚರ್ಚಿಗೂ ಒಂದು ಕಾವಲು ಪಡೆ ಇರಬೇಕು, ಪ್ರಾರ್ಥನೆಯ ಹೊತ್ತಿನಲ್ಲಿ ಪಡೆಯ ಮುಖ್ಯಸ್ಥನಿಗೆ ಹಿಂಬಾಗಿಲ ಹತ್ತಿರ ಮೆತ್ತೆ ಹಾಕಿದ ಕುರ್ಚಿ ಕೊಡಲಾಗುವುದು ಎಂದು ಸಾರಿದರು. ಒಂದೂವರೆ ಗಂಟೆ ಮರದ ಬೆಂಚಿನ ಮೇಲೆ ಪ್ರಸಂಗ ಕೇಳಿ ಕೇಳಿ ಸವೆದ ಜನ ಅವರು. ಮೆತ್ತೆಯ ಮಾತು ಬಂದದ್ದೇ ತಡ, ಒಬ್ಬೊಬ್ಬರಾಗಿ ತಮ್ಮ ಸೊಂಟದ ವರದಿ ಒಪ್ಪಿಸತೊಡಗಿದರು. ನನ್ನದು ಅಂಗೈಯಗಲ, ಆದರೆ ಹತ್ತು ಗುಂಡು ಹಿಡಿಯುತ್ತದೆ ಎಂದ ಒಬ್ಬ. ನನ್ನದು ಕಾಲುಚೀಲದಲ್ಲಿದೆ ಎಂದ ಇನ್ನೊಬ್ಬ. ಮೂರನೆಯವನು ತನ್ನದು ಎಲ್ಲಿದೆ ಎಂಬುದನ್ನು ಪಾಸ್ಟರರ ಎದುರು ಹೇಳಲು ನಾಚಿಕೊಂಡ.

ಸುತ್ತು ವರ್ಲನ್ನನವರೆಗೆ ಬಂತು. ಕೇಳಿದವನು ಅವನ ಹೆಂಡತಿ ಟ್ವೈಲಾಳ ತಮ್ಮ ರಾಯ್ಸ್. ಶೆರೀಫನ ಕಚೇರಿಯಲ್ಲಿ ಡೆಪ್ಯುಟಿ. ಮಲಗುವಾಗಲೂ ಬ್ಯಾಡ್ಜ್ ತೆಗೆಯುವುದಿಲ್ಲ ಎಂದು ಪ್ರತೀತಿ.

“ಭಾವ, ನಿಂದ್ಯಾವುದು?”

ವರ್ಲನ್ನನ ಬಾಯಲ್ಲಿ ಹಂದಿಮಾಂಸದ ಗ್ರೇವಿ ತುಂಬಿತ್ತು. ಸೊಂಟದಲ್ಲಿ ಬೆಲ್ಟು ಬಿಟ್ಟರೆ ಏನೂ ಇರಲಿಲ್ಲ. ನನ್ನ ಹತ್ತಿರ ಇಲ್ಲ ಎಂದು ಮೂರು ಮಾತು ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಹನ್ನೊಂದು ಜನ ಸಶಸ್ತ್ರ ಗಂಡಸರು ಚಮಚ ಕೆಳಗಿಟ್ಟು ನೋಡುತ್ತಿರುವಾಗ ಇಲ್ಲ ಎನ್ನುವುದಕ್ಕೆ ಪಿಸ್ತೂಲಿಗಿಂತ ಹೆಚ್ಚಿನ ಧೈರ್ಯ ಬೇಕು.

“ಯಾಕೆ, ಕಾಣ್ತಿದೆಯಾ?” ಅಂದ ವರ್ಲನ್.

“ಇಲ್ಲಪ್ಪ.”

“ಹಾಗಾದ್ರೆ ಸರಿಯಾಗೇ ಇದೆ ಬಿಡು.”

ಹನ್ನೊಂದು ಜೊತೆ ಕಣ್ಣುಗಳು ವರ್ಲನ್ನನನ್ನು ನೆತ್ತಿಯಿಂದ ಹಿಮ್ಮಡಿವರೆಗೆ ಉಜ್ಜಿದವು. ತೆಳು ಅಂಗಿ. ಅದನ್ನೂ ಪ್ಯಾಂಟಿನೊಳಗೆ ಸಿಕ್ಕಿಸಿದ್ದ. ಎಲ್ಲಿಯೂ ಒಂದು ಉಬ್ಬಿಲ್ಲ, ಗಂಟಿಲ್ಲ, ಸುಕ್ಕಿಲ್ಲ. ಇದ್ದ ಒಂದೇ ಉಬ್ಬು ಎಲ್ಲರಿಗೂ ಹಳೆಯ ಪರಿಚಯದ್ದು.

“ಎಷ್ಟು ದಿನದಿಂದ ಇದೆ?” ರಾಯ್ಸ್‌ನ ದನಿ ತಗ್ಗಿತ್ತು.

“ಆಗಿರಬೇಕು, ಇಪ್ಪತ್ತು ವರ್ಷ.”

ಇಪ್ಪತ್ತು ವರ್ಷ ಎಂಬ ಮಾತು ತಿಂಡಿ ಮುಗಿಯುವ ಮೊದಲೇ ಮೆಟ್ಟಿಲು ಹತ್ತಿ ಊರು ಸೇರಿತು.

ಭಾನುವಾರ ಚರ್ಚಿನ ಬಾಗಿಲಲ್ಲಿ ಪಾಸ್ಟರ್ ಹಾಲಿಸ್ ವರ್ಲನ್ನನನ್ನು ಅಪ್ಪಿಕೊಂಡರು. ಅಪ್ಪುವುದು ಅವರ ರೂಢಿ. ಆದರೆ ಒಬ್ಬನನ್ನೇ ಮೂರು ಸಲ, ಮೂರು ದಿಕ್ಕಿನಿಂದ ಅಪ್ಪಿದ್ದು ಅದೇ ಮೊದಲು. ಅವರ ಕೈಗಳು ಕಂಕುಳಿಂದ ಬೆನ್ನಿಗೆ, ಬೆನ್ನಿಂದ ಸೊಂಟಕ್ಕೆ ಭಕ್ತಿಯಿಂದ ಇಳಿದವು. ಏನೂ ಸಿಗಲಿಲ್ಲ. “ದೇವರು ದೊಡ್ಡವನು, ಬ್ರದರ್ ವರ್ಲನ್,” ಎಂದು ಉಸಿರುಬಿಟ್ಟರು.

ಸೋಮವಾರ ವರ್ಲನ್ ರಕ್ತದೊತ್ತಡ ತೋರಿಸಲು ಹೋದ. ಕಾಗದದ ನಿಲುವಂಗಿ ತೊಡಿಸಿ ಕೂರಿಸಿದರು. ಮುಂದೆ ಮುಚ್ಚಿದರೆ ಹಿಂದೆ ಕಾಣುವಂಥದ್ದು. ಮಧ್ಯಾಹ್ನದೊಳಗೆ ನರ್ಸಮ್ಮ ಕ್ಷೌರದಂಗಡಿಗೆ ಫೋನ್ ಮಾಡಿ, “ಅಯ್ಯೋ ದೇವರೇ, ಕಾಗದ ಹಾಕ್ಕೊಂಡು ಕೂತಿದ್ರೂ ಕಾಣಿಸ್ಲಿಲ್ಲ ಕಣ್ರೀ! ಹೊಟ್ಟೆ ಒತ್ತಿ ನೋಡಿದ್ರು ಡಾಕ್ಟ್ರು. ಆಗ್ಲೂ ಸಿಗ್ಲಿಲ್ಲ!” ಎಂದು ಪ್ರಮಾಣ ಮಾಡಿದಳು. ವರ್ಲನ್ನನ ಹತ್ತಿರ ಪಿಸ್ತೂಲು ಇಲ್ಲದಿರಬಹುದು ಎಂಬ ಯೋಚನೆ ಆ ಊರಿನಲ್ಲಿ ಯಾರಿಗೂ ಬರಲಿಲ್ಲ. ಮೀನಿಗೆ ನೀರಿಲ್ಲದಿರಬಹುದು ಎಂದು ಯಾರಿಗಾದರೂ ಹೊಳೆಯುತ್ತದೆಯೇ?

ಅದೇ ದಿನ ಸಂಜೆ ನಾಲ್ಕಕ್ಕೆ ರಾಯ್ಸ್ ಹೆದ್ದಾರಿಯಲ್ಲಿ ನೀಲಿ ದೀಪ ಮಿನುಗಿಸಿ ವರ್ಲನ್ನನ ಪಿಕಪ್ ನಿಲ್ಲಿಸಿದ.

“ಭಾವ, ಇದು ಸಂಬಂಧದ ಮಾತಲ್ಲ. ಅಧಿಕಾರಿಯಾಗಿ ಕೇಳ್ತಿದೀನಿ. ನಿನ್ ಹತ್ರ ಆಯುಧ ಇದೆಯಾ?”

“ಇಲ್ಲ ರಾಯ್ಸ್. ಆಣೆಗೂ ಇಲ್ಲ.”

ರಾಯ್ಸ್ ಕಿಟಕಿಯೊಳಗೆ ತಲೆ ತೂರಿಸಿ ಭಾವನ ಕಣ್ಣಲ್ಲಿ ಕಣ್ಣಿಟ್ಟು ನೋಡಿದ. ರೆಪ್ಪೆ ಅಲುಗಲಿಲ್ಲ. ನಿಜ ಹೇಳುವವನ ರೆಪ್ಪೆ ಯಾಕೆ ಅಲುಗಬೇಕು? ರಾಯ್ಸ್ ಟೋಪಿ ತೆಗೆದು ಎದೆಗೆ ಹಿಡಿದ.

“ಹದಿನೆಂಟು ವರ್ಷದ ನೌಕರೀಲಿ ಇಂಥ ಮುಖ ನೋಡಿಲ್ಲ ಭಾವ. ಹೋಗು, ಹುಷಾರಾಗಿ ಹೋಗು.”

ಆ ರಾತ್ರಿಯೂಟಕ್ಕೆ ಮೊದಲೇ ಪಾಸ್ಟರರ ಫೋನ್ ಬಂತು. ಮೆತ್ತೆಯ ಕುರ್ಚಿ ವರ್ಲನ್ನನದು. ಅಷ್ಟೇ ಅಲ್ಲ, ಬುಧವಾರದ ಚರ್ಚಿನ ಊಟದಲ್ಲಿ, ದಿನನಿತ್ಯ ಒಯ್ಯಲು ಯಾವ ಪಿಸ್ತೂಲು ಆರಿಸಬೇಕು, ಯಾರಿಗೂ ಕಾಣದಂತೆ ಹೇಗೆ ಇಟ್ಟುಕೊಳ್ಳಬೇಕು ಎಂದು ಅವನೇ ಪಾಠ ಹೇಳತಕ್ಕದ್ದು. ವರ್ಲನ್ ಫೋನ್ ಇಟ್ಟು ತಿರುಗಿದ. ಟ್ವೈಲಾ ನಿಂತಿದ್ದಳು. ಅವಳು ತಲೆಗೂದಲು ಸುರುಳಿ ಮಾಡಿಸಲು ಹೋಗಿದ್ದವಳು. ಸುದ್ದಿ ಅಲ್ಲಿ ಸಿಕ್ಕಿತ್ತು. ಅರ್ಧ ತಲೆ ಸುರುಳಿ, ಅರ್ಧ ತಲೆ ನೇರ, ಎದ್ದು ಬಂದುಬಿಟ್ಟಿದ್ದಳು.

“ಇಪ್ಪತ್ತು ವರ್ಷ?”

“ಟ್ವೈಲಾ, ಕೇಳಿಲ್ಲಿ...”

“ನಿನ್ನ ಚಡ್ಡಿ ಒಗೀತಾ ಮೂವತ್ತೊಂದು ವರ್ಷ ಆಯ್ತು ನಂಗೆ. ಜೇಬಿನಲ್ಲಿರೋ ಚೀಟಿ, ಟೂತ್‌ಪಿಕ್ಕು ಸಮೇತ ಲೆಕ್ಕ ಗೊತ್ತು ಅಂದ್ಕೊಂಡಿದ್ದೆ. ಪಿಸ್ತೂಲು ಇತ್ತಂತೆ! ಪಕ್ಕದಲ್ಲಿ ಮಲಗ್ತಿದ್ದೋಳಿಗೆ ಗೊತ್ತಿಲ್ಲ!”

“ಇಲ್ಲ ಕಣೇ! ಪಿಸ್ತೂಲೇ ಇಲ್ಲ. ಸುಮ್ನೆ ಒಂದು ಮಾತಂದೆ.”

“ಅಂತ ರಾಯ್ಸ್‌ಗೂ ಹೇಳಿದ್ಯಂತೆ. ರೆಪ್ಪೆ ಕೂಡ ಅಲುಗಲಿಲ್ಲವಂತೆ.”

ಇರುವುದನ್ನು ಇದೆ ಎಂದು ತೋರಿಸಬಹುದು. ಇಲ್ಲದ್ದನ್ನು ಇಲ್ಲ ಎಂದು ತೋರಿಸುವುದು ಹೇಗೆ? ವರ್ಲನ್ ಅಂಗಿ ಬಿಚ್ಚಿದ, ಪ್ಯಾಂಟು ಕೊಡವಿದ, ಬೂಟು ಬೋರಲು ಹಾಕಿದ. ಬಿಚ್ಚಿದಷ್ಟೂ ಅವಳ ಮುಖ ಕಪ್ಪಿಟ್ಟಿತು.

“ನಿನ್ನ ಈ ಜಾಣತನಕ್ಕೇ ನಂಗೆ ಭಯ ಆಗೋದು,” ಅಂದಳು. “ಪಿಸ್ತೂಲು ಬಚ್ಚಿಟ್ಟೋನು ಇನ್ನೇನೇನು ಬಚ್ಚಿಟ್ಟಿದೀಯೋ! ವರ್ಷಾ ವರ್ಷಾ ಹಾಸಿಗೆ ಮಾರೋರ ಸಮ್ಮೇಳನ ಅಂತ ನಾಲ್ಕು ದಿನ ನ್ಯಾಶ್‌ವಿಲ್‌ಗೆ ಹೋಗ್ತೀಯಲ್ಲ, ಹಾಸಿಗೆ ಬಗ್ಗೆ ನಾಲ್ಕು ದಿನ ಮಾತಾಡೋಕೆ ಏನಪ್ಪಾ ಇರತ್ತೆ?”

“ಸ್ಪ್ರಿಂಗು,” ಅಂದ ವರ್ಲನ್ ಸಣ್ಣ ದನಿಯಲ್ಲಿ.

ಟ್ವೈಲಾ ದಿಂಬು ಎತ್ತಿಕೊಂಡು ಹೊಲಿಗೆ ಕೋಣೆಗೆ ನಡೆದಳು. ಬಾಗಿಲು ಹಾಕುವ ಮುನ್ನ ತೀರ್ಪು ಓದಿದಳು: “ಬುಧವಾರ ಎಲ್ಲರ ಎದುರಿಗೆ ಅದನ್ನ ಮೇಜಿನ ಮೇಲಿಡು. ಎಲ್ಲಿ ಬಚ್ಚಿಟ್ಟಿದ್ದೆ ಬಾಯಿಬಿಡು. ಇಲ್ಲಾಂದ್ರೆ ಗುರುವಾರ ಬೆಳಿಗ್ಗೆ ನಾನು ನಾಕ್ಸ್‌ವಿಲ್‌ಗೆ, ಅಕ್ಕನ ಮನೆಗೆ. ವಾಪಸ್ ಬರೋ ಮಾತಿಲ್ಲ.”

ಇಲ್ಲದ ಪಿಸ್ತೂಲನ್ನು ಎರಡು ದಿನದಲ್ಲಿ ಹಾಜರುಪಡಿಸಬೇಕು. ಬೇರೆಯವರಾಗಿದ್ದರೆ ಕೂತು ಅಳುತ್ತಿದ್ದರು. ವರ್ಲನ್ ಮಾತ್ರ ರಾತ್ರಿಯೆಲ್ಲ ಯೋಚಿಸಿ ಒಂದು ಅಮೋಘ ತೀರ್ಮಾನಕ್ಕೆ ಬಂದ. ಇಪ್ಪತ್ತು ವರ್ಷದಿಂದ ಇರುವ ಪಿಸ್ತೂಲನ್ನು ನಾಳೆಯೇ ಕೊಂಡುಕೊಳ್ಳುವುದು! ಮೇಜಿನ ಮೇಲಿಟ್ಟರೆ ಟ್ವೈಲಾಳಿಗೆ ಸಮಾಧಾನ, ಊರಿಗೆ ಸಮಾಧಾನ. ಅದರಿಂದ ಇಲ್ಲದ ತಪ್ಪನ್ನು ತಾನೇ ಒಪ್ಪಿಕೊಂಡಂತಾಗುತ್ತದೆ ಎಂಬ ಸಣ್ಣ ವಿಷಯ ಅವನ ಯೋಚನೆಯ ಹಾದಿಯಲ್ಲಿ ಎದುರಾಗಲೇ ಇಲ್ಲ.

ಊರಿನ ಬಂದೂಕಿನಂಗಡಿ ಒಡೆಸ್ಸಾ ಫಿಂಚ್ ಎಂಬ ಮುದುಕಿಯದು. ಎಪ್ಪತ್ತೆಂಟು ವರ್ಷ, ನಲವತ್ತೈದು ಕಿಲೋ ತೂಕ. ಅದರಲ್ಲಿ ಹತ್ತು ಕಿಲೋ ಕನ್ನಡಕ. ಗಿರಾಕಿ ಬಾಗಿಲು ತಳ್ಳುವ ರೀತಿ ನೋಡಿಯೇ ಯಾವ ಅಳತೆಯ ಗುಂಡು ಬೇಕೆಂದು ಹೇಳಬಲ್ಲವಳು.

“ಬಾ ಕಂದಾ. ಊರೆಲ್ಲ ನಿನ್ನದೇ ಮಾತು. ಏನ್ ಬೇಕಿತ್ತು?”

“ಒಂದು ಚಿಕ್ಕ ಪಿಸ್ತೂಲು ಅಜ್ಜಿ. ದಿನಾ ಇಟ್ಕೊಳ್ಳೋ ಅಂಥದ್ದು. ಎರಡನೇದು ಇರಲಿ ಅಂತ.”

“ಓಹೋ, ಎರಡನೇದು.” ಅಜ್ಜಿ ಗಾಜಿನ ಪೆಟ್ಟಿಗೆ ತೆರೆದು ಒಂದನ್ನು ಖಾಲಿ ಇದೆಯೆಂದು ಎರಡು ಸಲ ತೋರಿಸಿ ಮುಂದಿಟ್ಟಳು. ವರ್ಲನ್ ಅದನ್ನು ಸತ್ತ ಇಲಿಯನ್ನು ಬಾಲ ಹಿಡಿದು ಎತ್ತುವಂತೆ ನಳಿಗೆ ಹಿಡಿದು ಎತ್ತಿದ. ಅಜ್ಜಿ ಅವನ ಕೈಯಿಂದ ತೆಗೆದು, ಹಿಡಿ ಅವನ ಅಂಗೈಗೆ ಬರುವಂತೆ ತಿರುಗಿಸಿ ಕೊಟ್ಟಳು.

“ಇದು ಎಲ್ಲಕ್ಕಿಂತ ಚಿಕ್ಕದು. ಜೇಬಿನಲ್ಲಿ ಹಾಕಿದ್ರೆ ನಿನಗೇ ಮರೆತುಹೋಗತ್ತೆ.”

ವರ್ಲನ್ನನ ಕೈ ಹಾಸಿಗೆ ಎತ್ತಿ ಎತ್ತಿ ಬೆಳೆದದ್ದು. ಎರಡು ಬೆರಳು ಹಿಡಿಯಲ್ಲಿ ಕೂತವು, ಉಳಿದೆರಡು ಹೊರಗೆ ಅನಾಥವಾಗಿ ನೇತಾಡಿದವು. ಅಂಗಡಿಯ ಹಿಂದಿನ ಗುರಿ ಕಟ್ಟುವ ಜಾಗಕ್ಕೆ ಕರೆದೊಯ್ದು, ಕಿವಿಗೆ ಮುಚ್ಚಳ ಹಾಕಿ, ಒಂದು ಗುಂಡು ಹಾರಿಸು ಅಂದಳು ಅಜ್ಜಿ. ಹಾರಿಸಿದ. ಹೇಸರಗತ್ತೆ ಒದ್ದಂತಾಯಿತು. ಕಾಗದದ ಗುರಿಗೆ ಏನೂ ಆಗಲಿಲ್ಲ. ವರ್ಲನ್ ಮಾತ್ರ ಮೂರು ಹೆಜ್ಜೆ ಹಿಂದಿದ್ದ.

“ಇಷ್ಟು ಚಿಕ್ಕದಕ್ಕೆ ಇಷ್ಟು ಕೊಬ್ಬಾ ಅಜ್ಜಿ?”

“ಚಿಕ್ಕದಾದಷ್ಟೂ ಒದೆಯೋದು ಜಾಸ್ತಿ. ತೂಕ ಇದ್ರೆ ಆ ಪೆಟ್ಟನ್ನ ಪಿಸ್ತೂಲೇ ತಿನ್ನತ್ತೆ. ಇದಕ್ಕೆ ತೂಕ ಇಲ್ಲ, ನಿನ್ನ ಕೈಗೆ ಕೊಡತ್ತೆ. ಸೊಂಟಕ್ಕೆ ಸುಖ ಆಗ್ಬೇಕೋ, ಕೈಗೆ ಸುಖ ಆಗ್ಬೇಕೋ ಅಂತ ಮೊದಲು ತೀರ್ಮಾನ ಮಾಡ್ಕೋ ಕಂದಾ. ಎರಡಕ್ಕೂ ಸುಖ ಕೊಡೋದನ್ನ ಇನ್ನೂ ಯಾರೂ ಮಾಡಿಲ್ಲ.”

ದೊಡ್ಡದನ್ನು ಕೊಟ್ಟಳು. ಕೈಗೆ ಹಿತವಾಗಿತ್ತು, ಪ್ಯಾಂಟಿನೊಳಗೆ ಇಳಿಸಿದಾಗ ಗುಂಡಿ ಹಾರಿ ಗೋಡೆಗೆ ಬಡಿಯಿತು. ಇನ್ನೊಂದನ್ನು ಸಿಕ್ಕಿಸಿಕೊಂಡು ಕೂತರೆ ಹಿಡಿ ಹೊಟ್ಟೆಯ ಮಡಿಕೆಯಲ್ಲಿ ಹೂತುಹೋಗಿ ಹುಡುಕಲು ಇಬ್ಬರು ಬೇಕಾಯಿತು. ಮತ್ತೊಂದು ಪಕ್ಕೆಲುಬಿಗೆ ಒತ್ತಿ ಕಣ್ಣಲ್ಲಿ ನೀರು ತರಿಸಿತು. ಹದಿನಾಲ್ಕು ಪಿಸ್ತೂಲು, ಒಂಬತ್ತು ಚರ್ಮದ ಒರೆ, ನಾಲ್ಕು ಬೆಲ್ಟು. ಕಡೆಗೆ ಹದಿನೈದನೆಯದು ಕೈಗೂ ಕೂತಿತು, ಸೊಂಟಕ್ಕೂ ಒಂದು ಮಟ್ಟಿಗೆ ಕೂತಿತು, ಎರಡು ಇಂಚು ಹೆಚ್ಚು ಅಗಲದ ಪ್ಯಾಂಟು ಹೊಲಿಸಿಕೊಳ್ಳುವ ಷರತ್ತಿನ ಮೇಲೆ.

“ಇದೇ ಇರಲಿ ಅಜ್ಜಿ. ಆದ್ರೆ... ಇದರಲ್ಲೇ ಹಳೇದು ಇದೆಯಾ? ಒಂದು ಇಪ್ಪತ್ತು ವರ್ಷ ಹಳೇದು?”

ಅಜ್ಜಿ ಕನ್ನಡಕ ಹಣೆಗೇರಿಸಿದಳು. ಎಲ್ಲವೂ ಅವಳಿಗೆ ಆಗ ಅರ್ಥವಾಗಿತ್ತು; ನಿಜ ಹೇಳಬೇಕೆಂದರೆ ಅವನು ನಳಿಗೆ ಹಿಡಿದು ಎತ್ತಿದಾಗಲೇ ಆಗಿತ್ತು.

“ಇದು ಬಂದಿದ್ದೇ ಹೋದ ವರ್ಷ ಕಂದಾ. ಇಪ್ಪತ್ತು ವರ್ಷದ ಹಿಂದೆ ಇದರ ಅಪ್ಪನೂ ಹುಟ್ಟಿರಲಿಲ್ಲ.”

“ಪರವಾಗಿಲ್ಲ, ಕೊಡಿ.”

ಸರ್ಕಾರಿ ಕಾಗದ ತುಂಬಿಸಿ, ಫೋನ್ ಮಾಡಿ ಒಪ್ಪಿಗೆ ಪಡೆದು, ಅಜ್ಜಿ ಪಿಸ್ತೂಲು ಕಟ್ಟಿಕೊಟ್ಟಳು. ಗುಂಡು ಮಾತ್ರ ಕೊಡಲಿಲ್ಲ. “ನಾಲ್ಕು ಶನಿವಾರ ಬಂದು ಕಲಿ. ಆಮೇಲೆ ಕೊಡ್ತೀನಿ. ನಂಗೆ ಈ ಊರಿನ ಜನ ಬೇಕು, ಇನ್ನೂ ಬಾಕಿ ಇರೋ ದಿನ ಬದುಕಬೇಕು,” ಅಂದಳು.

ಮಂಗಳವಾರ ಇಡೀ ಮಧ್ಯಾಹ್ನ ವರ್ಲನ್ ತನ್ನ ಹಾಸಿಗೆ ಅಂಗಡಿಯ ಹಿಂದೆ ಕೂತು ಪಿಸ್ತೂಲಿಗೆ ಇಪ್ಪತ್ತು ವರ್ಷ ವಯಸ್ಸು ಮಾಡಿದ. ಪಾತ್ರೆ ಉಜ್ಜುವ ಉಕ್ಕಿನ ನಾರಿನಿಂದ ತಿಕ್ಕಿದ. ಒರೆಯನ್ನು ಬಿಸಿ ಕಾಫಿಯಲ್ಲಿ ಅದ್ದಿ, ಒಣಗಿಸಿ, ಮತ್ತೆ ಅದ್ದಿ, ಪಿಕಪ್ಪಿನ ಗಾಲಿಯ ಕೆಳಗೆ ಹಾಕಿ ನಾಲ್ಕು ಸಲ ಹಿಂದೆ ಮುಂದೆ ಓಡಿಸಿದ. ಕೊನೆಗೆ ನೋಡಿದರೆ ಅದು ಇಪ್ಪತ್ತಲ್ಲ, ನೂರೈವತ್ತು ವರ್ಷದ ಹಿಂದಿನ ಅಂತರ್ಯುದ್ಧದಲ್ಲಿ ಭಾಗವಹಿಸಿ ಸೋತು ಬಂದದ್ದರ ಹಾಗಿತ್ತು.

ಬುಧವಾರ ಸಂಜೆ ಐದೂವರೆ. ಬಿಸಿಲು ಇನ್ನೂ ಖಡಕ್ಕಾಗಿತ್ತು. ಚರ್ಚಿನ ಊಟದ ಮನೆಯಲ್ಲಿ ಹುರಿದ ಕೋಳಿ, ಮೆಕ್ಕೆಜೋಳದ ಬ್ರೆಡ್ಡು, ಸಕ್ಕರೆ ಸುರಿದ ತಣ್ಣನೆ ಟೀ. ಇನ್ನೂರು ಜನ, ಕೈಯಲ್ಲಿ ಪುಸ್ತಕ ಪೆನ್ಸಿಲು. ಟ್ವೈಲಾ ಬೇರೆ ಕಾರಿನಲ್ಲಿ ಬಂದು ಮೊದಲ ಸಾಲಿನಲ್ಲಿ ಕೈಚೀಲ ತೊಡೆಯ ಮೇಲಿಟ್ಟು ಕೂತಿದ್ದಳು. ಚೀಲದಿಂದ ನಾಕ್ಸ್‌ವಿಲ್ ಬಸ್ಸಿನ ಟಿಕೆಟಿನ ತುದಿ ಹೊರಗಿಣುಕುತ್ತಿತ್ತು, ಎಲ್ಲರಿಗೂ ಕಾಣಲೆಂದೇ.

ವರ್ಲನ್ ಬಾಗಿಲಲ್ಲಿ ಕಾಣಿಸಿಕೊಂಡ. ಬಲಗಡೆ ಸೊಂಟದಲ್ಲಿ ಒಂದು ಬುಟ್ಟಿ ಬಚ್ಚಿಟ್ಟಂತೆ ಕೋಟು ಉಬ್ಬಿತ್ತು. ಹೆಜ್ಜೆಗೊಮ್ಮೆ ಪ್ಯಾಂಟು ಮೇಲೆಳೆಯುತ್ತ, ಎರಡು ಹೆಜ್ಜೆಗೊಮ್ಮೆ ಸೊಂಟ ಮುಟ್ಟಿ ನೋಡುತ್ತ, ಕುದಿಯುವ ಪಾತ್ರೆ ಬಗಲಲ್ಲಿಟ್ಟುಕೊಂಡವನಂತೆ ಎಡಕ್ಕೆ ವಾಲಿಕೊಂಡು ಬಂದ. ಮೇಜಿನ ಅಂಚಿಗೆ ತಾಗಿ ಠಣ್ ಎಂದಿತು. ಸಭೆಯ ತುಂಬ ಕಾಫಿಯ ವಾಸನೆ ಹರಡಿತು. ಕುರುಡಿ ಮಿಸೆಸ್ ಬ್ಯಾಗ್‌ವೆಲ್ ಕೂಡ ಪಕ್ಕದವಳ ಕಿವಿಯಲ್ಲಿ, “ಬಲಗಡೆ ಇಟ್ಟಿದಾನೆ ಅಲ್ವಾ?” ಅಂದಳು.

ವರ್ಲನ್ ಪಿಸ್ತೂಲು ತೆಗೆದು, ಅಜ್ಜಿ ಹೇಳಿಕೊಟ್ಟಂತೆ ಖಾಲಿ ಇದೆಯೆಂದು ತೋರಿಸಿ ಮೇಜಿನ ಮೇಲಿಟ್ಟ. “ಇದೇ,” ಅಂದ. “ಇಪ್ಪತ್ತು ವರ್ಷದಿಂದ.”

ರಾಯ್ಸ್ ಹತ್ತಿರ ಬಂದು ಬಗ್ಗಿ ನೋಡಿದ. ಮೂಸಿದ. ಮತ್ತೆ ನೋಡಿದ.

“ಭಾವ, ಈ ಮಾದರಿ ಹೋದ ವರ್ಷ ಬಂದಿದ್ದು. ನಾನೇ ಮೊದಲ ದಿನ ಸಾಲಲ್ಲಿ ನಿಂತಿದ್ದೆ.”

ಇನ್ನೂರು ಪೆನ್ಸಿಲುಗಳು ನಿಂತವು. ವರ್ಲನ್ನನ ಹಣೆಯಿಂದ ಬೆವರು ತೊಟ್ಟಿಕ್ಕಿತು. ಅವನು ಟ್ವೈಲಾಳನ್ನು ನೋಡಿದ, ಟಿಕೆಟಿನ ತುದಿ ನೋಡಿದ, ಕಟ್ಟೆ ಒಡೆಯಿತು.

“ಸುಳ್ಳು! ಎಲ್ಲಾ ಸುಳ್ಳು! ನಿನ್ನೆ ತಗೊಂಡೆ ಇದನ್ನ. ನನ್ ಹತ್ರ ಯಾವತ್ತೂ ಏನೂ ಇರ್ಲಿಲ್ಲ. ಆವತ್ತು ಇಲ್ಲ ಅನ್ನೋಕೆ ನಾಚಿಕೆ ಆಯ್ತು, ಅಷ್ಟೇ. ಈಗ್ಲೂ ಇದು ಬಿಟ್ರೆ ಏನೂ ಇಲ್ಲ. ಟ್ವೈಲಾ, ನಂಬು ಕಣೇ, ನಾ ಏನೂ ಬಚ್ಚಿಟ್ಟಿಲ್ಲ!”

ರಾಯ್ಸ್ ಫಟ್ಟನೆ ತನ್ನ ತೊಡೆ ತಟ್ಟಿದ.

“ಅರ್ಥ ಆಯ್ತು!” ಎಂದು ಕೂಗಿದ. “ಇದು ತೋರಿಸೋ ಪಿಸ್ತೂಲು! ಕಳ್ಳ ಬಂದ್ರೆ ಇದನ್ನ ನೋಡ್ತಾನೆ, ಇದನ್ನ ಕಿತ್ಕೋತಾನೆ. ಅಸಲಿ ಬೇರೆ ಕಡೆ ಇದೆ!”

“ಇಲ್ಲಪ್ಪಾ! ಇಲ್ಲ!” ವರ್ಲನ್ ಕೈಮುಗಿದ.

“ನೋಡಿ, ನೋಡಿ! ಇನ್ನೂರು ಜನ ಕೇಳಿದ್ರೂ ಒಪ್ಕೋತಿಲ್ಲ!”

ಸಭೆ ಎದ್ದು ನಿಂತಿತು. ಚಪ್ಪಾಳೆಗೆ ಛಾವಣಿಯ ಧೂಳು ಉದುರಿ ಟೀಯಲ್ಲಿ ಬಿತ್ತು. ಪಾಸ್ಟರ್ ಹಾಲಿಸ್ ಕಣ್ಣೊರೆಸಿಕೊಂಡು, “ಬರ್ಕೊಳ್ಳಿ, ಎಲ್ಲರೂ ಬರ್ಕೊಳ್ಳಿ. ಒಂದನೇ ಪಾಠ: ಒಪ್ಪಿಕೊಳ್ಳಬಾರದು,” ಎಂದರು. ಇನ್ನೂರು ಪೆನ್ಸಿಲುಗಳು ಕರಕರ ಓಡಿದವು. ಹಿಂದಿನ ಸಾಲಿನಲ್ಲಿ ಒಡೆಸ್ಸಾ ಅಜ್ಜಿ ಮಾತ್ರ ಕನ್ನಡಕ ತೆಗೆದು, ನಗು ತಡೆಯಲಾರದೆ ಹೊಟ್ಟೆ ಹಿಡಿದುಕೊಂಡು ಕೂತಿದ್ದಳು.

ಟ್ವೈಲಾ ಎದ್ದು ಬಂದಳು. ಗಂಡನ ಮುಂದೆ ನಿಂತು, ಜೋತುಬಿದ್ದ ಪ್ಯಾಂಟನ್ನು, ತಿರುಚಿಕೊಂಡ ಬೆಲ್ಟನ್ನು, ಕಾಫಿ ಕಲೆಯಾದ ಅಂಗಿಯನ್ನು ಸಾವಕಾಶವಾಗಿ ನೋಡಿದಳು. ಅವಳ ತುಟಿಯ ಒಂದು ತುದಿ ಅಲುಗಿತು. ಆಮೇಲೆ ಇನ್ನೊಂದು.

“ಬಾಗಿಲಿಂದ ಮೇಜಿನವರೆಗೆ ಹನ್ನೆರಡು ಸಲ ಸೊಂಟ ಮುಟ್ಕೊಂಡೆ,” ಅಂದಳು ಅವನಿಗೆ ಮಾತ್ರ ಕೇಳುವಂತೆ. “ಎಣಿಸ್ತಾ ಇದ್ದೆ. ಒಂದು ಸಂಜೆ ಬಚ್ಚಿಡೋಕಾಗದ ಪೆದ್ದ, ಇಪ್ಪತ್ತು ವರ್ಷ ಬಚ್ಚಿಟ್ಟನಂತೆ! ನಾನೂ ಎಂಥ ಮಂಕು.”

“ನಂಬಿದ್ಯಾ?”

“ನಿನ್ನ ಮಾತು ನಂಬಿಲ್ಲ. ನಿನ್ನ ನಡಿಗೆ ನಂಬಿದೆ.”

ಪಾಸ್ಟರ್ ಹಾಲಿಸ್ ನಡುವೆ ಬಂದರು. “ಸಿಸ್ಟರ್ ಟ್ವೈಲಾ, ನೀವಾದ್ರೂ ಹೇಳಿ. ಅಸಲಿ ಎಲ್ಲಿದೆ?”

ಟ್ವೈಲಾ ಇನ್ನೂರು ಮುಖಗಳನ್ನು ನೋಡಿದಳು. ಗೌರವಕ್ಕೆಂದು ಅಲ್ಲಿಗೇ ತಂದಿಟ್ಟ ಮೆತ್ತೆಯ ಕುರ್ಚಿಯ ಪಕ್ಕದಲ್ಲಿ ಮುಖ್ಯಸ್ಥನ ಹೆಂಡತಿಗೂ ಒಂದು ಕುರ್ಚಿ ಹಾಕಿದ್ದರು, ಅದಕ್ಕೂ ಮೆತ್ತೆಯಿತ್ತು.

“ನಂಗೇನ್ ಗೊತ್ತು ಪಾಸ್ಟರ್,” ಎಂದು ನಿಟ್ಟುಸಿರಿಟ್ಟಳು. “ಹುಡುಕಿ ಹುಡುಕಿ ಸಾಕಾಗಿದೆ.”

ಆ ಹೊತ್ತಿನಿಂದ ಆ ಜಿಲ್ಲೆಯಲ್ಲಿ ವರ್ಲನ್ನನ ಕೀರ್ತಿಗೆ ಗಡಿಯಿಲ್ಲವಾಯಿತು.

ಪಿಕಪ್ಪಿನಲ್ಲಿ ಇಬ್ಬರೂ ಮನೆಗೆ ಹೊರಟರು. ಅವಳ ಕಾರು ಚರ್ಚಿನ ಅಂಗಳದಲ್ಲೇ ಉಳಿಯಿತು. ಅರ್ಧ ದಾರಿಯಲ್ಲಿ ಟ್ವೈಲಾ ಟಿಕೆಟನ್ನು ಸಣ್ಣಗೆ ಹರಿದು ಬೂದಿ ಡಬ್ಬಿಗೆ ಹಾಕಿದಳು.

“ಹಾಗಾದ್ರೆ ನಿಜಕ್ಕೂ ನನ್ನಿಂದ ಏನೂ ಬಚ್ಚಿಟ್ಟಿಲ್ಲ ತಾನೆ?”

ಇಲ್ಲ ಎಂದು ಹೇಳಿ ಸುಮ್ಮನಿರಬಹುದಿತ್ತು. ಆದರೆ ಅಂದು ಸಂಜೆ ನಿಜ ಹೇಳಿದ ರುಚಿ ವರ್ಲನ್ನನ ನಾಲಿಗೆಗೆ ಹತ್ತಿಬಿಟ್ಟಿತ್ತು.

“ಒಂದೇ ಒಂದು ಇದೆ ಟ್ವೈಲಾ. ನೀನು ಗುರುವಾರ ಗುರುವಾರ ಹಳದಿ ಕುಂಬಳಕ್ಕೆ ಚೀಸು ಹಾಕಿ ಬೇಯಿಸಿ ಕ್ಯಾಸರೋಲ್ ಮಾಡ್ತೀಯಲ್ಲ... ಅದು ನಂಗೆ ಮದುವೆ ಆದಾಗಿಂದ ಸೇರಲ್ಲ. ಮುಖದ ಮೇಲೆ ಒಂದು ದಿನಾನೂ ತೋರಿಸಿಲ್ಲ.”

“ಗೊತ್ತು,” ಅಂದಳು ಟ್ವೈಲಾ, ಕಿಟಕಿಯಾಚೆ ನೋಡುತ್ತ.

“ಯಾವಾಗಿಂದ?”

“ಮೊದಲನೇ ಗುರುವಾರದಿಂದ.”

ಪಿಕಪ್ ರಸ್ತೆಯ ಮಧ್ಯದಲ್ಲೇ ನಿಂತಿತು.

“ಹಂಗಿದ್ಮೇಲೆ ಮೂವತ್ತೊಂದು ವರ್ಷ ಯಾಕೆ ಮಾಡ್ತಾ ಬಂದೆ ಮಾರಾಯ್ತಿ?”

“ನೀನಾಗೇ ಬಾಯಿಬಿಡ್ತೀಯೇನೋ ಅಂತ ಕಾಯ್ತಿದ್ದೆ,” ಅಂದಳು ಅವಳು, ಒಂದು ರೆಪ್ಪೆಯನ್ನೂ ಅಲುಗಿಸದೆ. “ನಂಗೂ ಅದು ಸೇರಲ್ಲ.”